ನಿಲ್ದಾಣಕ್ಕೆ ಬಾರದವರ ಲೆಕ್ಕ

ನಾನಿರುವ ನೈರೋಬಿಯ ಎಂಬಕಸಿಯಲ್ಲಿ ಜನಸಾಮಾನ್ಯರ ಸಂಚಾರಕ್ಕೆ ಮುಖ್ಯ ಆಸರೆ ಮಟಾಟು ಎಂಬ ಖಾಸಗಿ ವಾಹನ. ಅವುಗಳಲ್ಲಿ 14 ಆಸನದ ವ್ಯಾನುಗಳ ಬಾಗಿಲು ಕಿರಿದು, ಮೆಟ್ಟಿಲು ಎತ್ತರ, ಗಾಲಿಕುರ್ಚಿಗೆ ಸ್ಥಳವಿಲ್ಲ.

ನಿಲ್ದಾಣದಲ್ಲಿ ನಿಂತು ಪ್ರಯಾಣಿಕರನ್ನಷ್ಟೇ ಪ್ರಶ್ನಿಸುವ ಸಮೀಕ್ಷೆಗೆ ಅಂಗವಿಕಲರ ಕಷ್ಟ ಅಲ್ಪವಾಗಿಯೇ ತೋರೀತು. ಏರಲಾರದವರು ಮನೆಯಲ್ಲೇ ಉಳಿದಿರುತ್ತಾರೆ. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿ ಊರಿನ ರೋಗವನ್ನು ಅಳೆಯಲಾಗದೆಂಬುದು ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು.

ಕೀನ್ಯಾದ 2019ರ ಜನಗಣತಿಯು ಮನೆಮನೆಗೆ ತೆರಳಿ, ‘ವಾಷಿಂಗ್ಟನ್ ಗುಂಪು’ ರೂಪಿಸಿದ ಪ್ರಶ್ನೆಗಳನ್ನು ಕೇಳಿತು. ‘ಅಂಗವಿಕಲರೇ?’ ಎಂದಲ್ಲ, ನಡೆಯಲು, ಮೆಟ್ಟಿಲೇರಲು, ನೋಡಲು, ಕೇಳಲು ಎಷ್ಟು ಕಷ್ಟವೆಂದು. ಐದು ವರ್ಷ ಮೇಲ್ಪಟ್ಟವರಲ್ಲಿ ಶೇ. 2.2ರಷ್ಟು ಮಂದಿ ಅಂಗವಿಕಲರೆಂದು ದಾಖಲಾಯಿತು. ಬೇರೆ ಬಗೆಯ ಪ್ರಶ್ನೆ ಕೇಳಿದ ಭಾರತದ 2011ರ ಗಣತಿಯಲ್ಲಿ ಈ ಪ್ರಮಾಣ ಶೇ. 2.21. ಆದರೆ ಈ ಎರಡೂ ಅಂಕಿಗಳು ಪ್ರಯಾಣದ ಬಗ್ಗೆ ಮೌನವಾಗಿವೆ. ‘ಕಳೆದ ವಾರ ಎಲ್ಲಿಗೆ ಹೋಗಬೇಕೆಂದಿದ್ದಿರಿ? ಏಕೆ ಹೋಗಲಾಗಲಿಲ್ಲ?’ ಎಂದು ಅದೇ ಮನೆಗಳಲ್ಲಿ ಕೇಳಿದಾಗಲೇ ಲೆಕ್ಕ ಪೂರ್ಣವಾಗುತ್ತದೆ.

ವೃದ್ಧ ತಂದೆತಾಯಿಯರನ್ನು ಪರದೇಶಕ್ಕೆ ಕರೆಸಿಕೊಳ್ಳುವವರು ಮನೆಬಾಡಿಗೆಯ ಜೊತೆಗೆ ಇದನ್ನೂ ವಿಚಾರಿಸಲಿ: ಮಂಡಿನೋವಿನ ಅಮ್ಮ ಒಬ್ಬರೇ ಹತ್ತಿ ಇಳಿಯಬಲ್ಲ ವಾಹನ ಆ ಬೀದಿಗೆ ಬರುತ್ತದೆಯೇ?