ಓಟದ ಕಾರು: ಹಣ ಉಳಿಸುವುದೆಲ್ಲಿ?

ಬೇಗಂಪೇಟೆಯ ಕನ್ನಡಿಗ ತರುಣನು ಹಳೆಯ ಕಾರನ್ನು ಡ್ರ್ಯಾಗ್ ರೇಸಿಗೆ, ಅಂದರೆ ನೇರ ಪಥದ ಓಟಕ್ಕೆ, ಸಜ್ಜುಗೊಳಿಸುವಾಗ ಮೊದಲು ನೆನೆಯಬೇಕಾದುದು ತನ್ನ ಪಾದಗಳನ್ನು. ಹಿಂಚಕ್ರ ಚಾಲನೆಯ ಕಾರಿನಲ್ಲಿ ಫ್ಲೈವೀಲ್ ಮತ್ತು ಕ್ಲಚ್ ಅವುಗಳ ಸಮೀಪದಲ್ಲೇ ತಿರುಗುತ್ತವೆ. ತಿರುಗುವ ವೇಗ ಎರಡು ಪಟ್ಟಾದರೆ ಅವನ್ನು ಸಿಡಿಸುವ ಬಲ ನಾಲ್ಕು ಪಟ್ಟಾಗುತ್ತದೆ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯದಲ್ಲಿ ಗೇರುಪೆಟ್ಟಿಗೆ ಸಿಡಿದು, ಪ್ರಸಿದ್ಧ ಸ್ಪರ್ಧಿ ಡಾನ್ ಗಾರ್ಲಿಟ್ಸ್ ಬಲಪಾದದ ಭಾಗವನ್ನೇ ಕಳೆದುಕೊಂಡರು.

ಆದುದರಿಂದ ಬಣ್ಣ, ಅಲಂಕಾರಗಳಲ್ಲಿ ಹಣ ಉಳಿಸಬೇಕು. ಎರಕದ ಕಬ್ಬಿಣದ ಹಳೆಯ ಫ್ಲೈವೀಲಿಗೆ ಬದಲಾಗಿ, ಅಮೆರಿಕದ ಸುರಕ್ಷತಾ ಸಂಸ್ಥೆ ಎಸ್.ಎಫ್.ಐ.ಯ 1.1 ಮುದ್ರೆಯುಳ್ಳ ಉಕ್ಕಿನದನ್ನು ಕೊಳ್ಳುವುದು ಲೇಸು. ಪ್ರೊಪೆಲ್ಲರ್ ಶಾಫ್ಟ್ ಮುರಿದರೆ ಹಿಡಿದು ನಿಲ್ಲಿಸುವ ಬಳೆಯನ್ನು ಕಾಲಂಗುಲ ದಪ್ಪ, ಎರಡಂಗುಲ ಅಗಲದ ಉಕ್ಕಿನ ಪಟ್ಟಿಯಿಂದ ಅಗ್ಗವಾಗಿ ಮಾಡಿಸಬಹುದು. ಓಟವಂತೂ ಅನುಮತಿ ಪಡೆದ ಪಥದಲ್ಲಿಯೇ ನಡೆಯಬೇಕು. ಹೋದ ಹಣ ಮರಳಿ ಬಂದೀತು. ಹೋದ ಪಾದ ಬಾರದು.