ರೇಸ್ ಸ್ನೋಮೊಬೈಲ್‌ಗೆ ಹೆಡ್‌ಲೈಟ್ ಯಾಕಿಲ್ಲ?

ಗುಲ್ಮಾರ್ಗ್‌ನಲ್ಲಿ ಬಾಡಿಗೆಯ ಸ್ನೋಮೊಬೈಲ್ ಹತ್ತಿಳಿದವರು ಊರಿಗೆ ಮರಳಿದ ಮೇಲೆ ಅಮೆರಿಕದ ಸ್ನೋಕ್ರಾಸ್ ರೇಸಿನ ವಿಡಿಯೊ ನೋಡಿದರೆ ಬೆರಗಾಗುವುದು ಸಹಜ. ಹಿಮದ ದಿಬ್ಬದಿಂದ ಹಾರಿ, ಆಳೆತ್ತರಕ್ಕಿಂತ ಮೇಲಿಂದ ಧೊಪ್ಪನೆ ಬಿದ್ದು, ಬಿದ್ದ ಕ್ಷಣವೇ ಮುಂದಿನ ತಿರುವಿಗೆ ನುಗ್ಗುವ ಆ ಯಂತ್ರವೂ ತಾವು ಕೂತು ಫೋಟೊ ತೆಗೆಸಿಕೊಂಡ ಯಂತ್ರವೂ ಒಂದೇ ಜಾತಿಯವೇ? ರೇಸ್ ಗಾಡಿಗೆ ಬಹಳ ದೊಡ್ಡ ಎಂಜಿನ್ ಇರಬೇಕು ಎಂದು ಹೆಚ್ಚಿನವರು ಊಹಿಸುತ್ತಾರೆ.

ಆ ಊಹೆ ತಲೆಕೆಳಗು. ಸ್ನೋಕ್ರಾಸಿನ ಮುಖ್ಯ ವರ್ಗದಲ್ಲಿ ಓಡುವುದು 600 ಸಿಸಿ ಎಂಜಿನ್. ಅದೇ ಕಂಪನಿಗಳ ಷೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ 850 ಸಿಸಿ ಮಾದರಿ ಸುಮಾರು 165 ಅಶ್ವಶಕ್ತಿಯದು. ಟರ್ಬೊ ಕೂಡಿಸಿದ ಕೆಲವು ಮಾದರಿಗಳು 180 ದಾಟುತ್ತವೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ನೇರ ಓಟಕ್ಕೆ ಬಿಟ್ಟರೆ ಗ್ರಾಹಕರ ಗಾಡಿಯೇ ಮುಂದೆ ಹೋಗುತ್ತದೆ.

ಹಾಗಾದರೆ ರೇಸ್ ಗಾಡಿಯ ವಿಶೇಷವೇನು? ಬೀಳುವುದಕ್ಕೆಂದೇ ಅದನ್ನು ಕಟ್ಟಿರುತ್ತಾರೆ ಎಂಬುದೇ.

ಸಣ್ಣ ಲೆಕ್ಕವೊಂದನ್ನು ಹಾಕಬಹುದು. ಸವಾರನೂ ಸೇರಿ 300 ಕಿಲೊ ತೂಕದ ಗಾಡಿ 3 ಮೀಟರ್ ಎತ್ತರದಿಂದ ಸಮತಟ್ಟಾದ ನೆಲಕ್ಕೆ ಬಿದ್ದಿತು ಎನ್ನೋಣ. ನೆಲ ಮುಟ್ಟುವಾಗ ಕೆಳಮುಖ ವೇಗ ಗಂಟೆಗೆ ಸುಮಾರು 28 ಕಿಲೊಮೀಟರ್. ಆ ವೇಗವನ್ನು 40 ಸೆಂಟಿಮೀಟರ್ ಅಂತರದೊಳಗೆ ಸೊನ್ನೆಗೆ ಇಳಿಸಬೇಕೆಂದರೆ ಸಸ್ಪೆನ್ಷನ್ ಸರಾಸರಿ ಎಂಟೂವರೆ ಪಟ್ಟು ತೂಕವನ್ನು ಹೊರಬೇಕು, ಅಂದರೆ ಎರಡೂವರೆ ಟನ್. ಗಾಡಿ ಇಳಿಜಾರಿನ ಮೇಲೆ ಇಳಿದರೆ ಪೆಟ್ಟು ತಗ್ಗುತ್ತದೆ. ಆದರೆ ಲೆಕ್ಕ ತಪ್ಪಿ ಸಮತಟ್ಟಿಗೆ ಬೀಳುವುದು ರೇಸಿನಲ್ಲಿ ಅಪರೂಪವೇನಲ್ಲ.

ಈ ಪೆಟ್ಟನ್ನು ನುಂಗುವುದು ಷಾಕ್ ಅಬ್ಸಾರ್ಬರ್. ಅದರೊಳಗೆ ಪಿಸ್ಟನ್ ಒಂದು ಎಣ್ಣೆಯನ್ನು ಕಿರಿದಾದ ರಂಧ್ರಗಳ ಮೂಲಕ ತಳ್ಳುತ್ತದೆ. ಬೀಳುವ ಶಕ್ತಿ ಹೀಗೆ ಶಾಖವಾಗಿ ಬದಲಾಗುತ್ತದೆ. ಸುತ್ತಿನ ಮೇಲೆ ಸುತ್ತು ಹೀಗೇ ಬೀಳುತ್ತಿದ್ದರೆ ಎಣ್ಣೆ ಕಾದು ತೆಳುವಾಗುತ್ತದೆ, ನೊರೆಯೇಳುತ್ತದೆ, ಹಿಡಿತ ಸಡಿಲಗೊಳ್ಳುತ್ತದೆ. ಅದಕ್ಕೇ ರೇಸ್ ಗಾಡಿಯ ಷಾಕ್‌ಗೆ ಅಧಿಕ ಒತ್ತಡದ ನೈಟ್ರೊಜನ್ ತುಂಬಿದ ಪ್ರತ್ಯೇಕ ಡಬ್ಬಿ ಅಂಟಿಕೊಂಡಿರುತ್ತದೆ. ಸ್ಪ್ರಿಂಗ್‌ಗಳು ಗಡುಸು. ಸವಾರ ಕೂತರೂ ಗಾಡಿ ಹೆಚ್ಚು ಕುಸಿಯುವುದಿಲ್ಲ. ಚಾಸಿಯ ಮೂಲೆಮೂಲೆಗೂ ಹೆಚ್ಚುವರಿ ಲೋಹದ ಪಟ್ಟಿ. ಇದೇ ಗಾಡಿಯನ್ನು ಮಾಮೂಲಿ ಹಿಮದ ಹಾದಿಯಲ್ಲಿ ನಿಧಾನವಾಗಿ ಓಡಿಸಿದರೆ ಸಣ್ಣ ಸಣ್ಣ ಉಬ್ಬುಗಳೆಲ್ಲ ನೇರ ಸೊಂಟಕ್ಕೇ ಬಡಿಯುತ್ತವೆ, ಏಕೆಂದರೆ ಆ ಷಾಕ್ ಕೆಲಸ ಶುರುಮಾಡುವುದೇ ದೊಡ್ಡ ಪೆಟ್ಟಿಗೆ.

ಉಳಿದ ವ್ಯತ್ಯಾಸಗಳು ಇದರ ಹಿಂದೆಯೇ ಬರುತ್ತವೆ. ಹೆಡ್‌ಲೈಟ್ ಇರಬೇಕಾದ ಜಾಗದಲ್ಲಿ ನಂಬರ್ ಪ್ಲೇಟ್; ಗಾಜು ಒಡೆದು ಟ್ರ್ಯಾಕ್ ಮೇಲೆ ಚೆಲ್ಲುವ ಭಯವಿಲ್ಲ, ಭಾರವೂ ಕಡಿಮೆ. ಹಿಂಬದಿ ಸವಾರನಿಗೆ ಸೀಟಿಲ್ಲ. ಹಿಮವನ್ನು ಕಚ್ಚುವ ರಬ್ಬರ್ ಪಟ್ಟಿಯ (ಇದಕ್ಕೂ ಟ್ರ್ಯಾಕ್ ಎಂದೇ ಹೆಸರು) ಹಲ್ಲುಗಳು ಎತ್ತರ. ನಮ್ಮ ಗೇರಿಲ್ಲದ ಸ್ಕೂಟರಿನಂತೆ ಸ್ನೋಮೊಬೈಲ್‌ಗೂ ಬೆಲ್ಟಿನ ಸಿವಿಟಿಯೇ ಇರುವುದು. ರೇಸಿನಲ್ಲಿ ಕ್ಲಚ್ಚಿನ ತೂಕ, ಸ್ಪ್ರಿಂಗ್‌ಗಳನ್ನು ಬದಲಿಸಿ, ಎಂಜಿನ್ ಹೆಚ್ಚು ವೇಗಕ್ಕೆ ಏರಿದ ಮೇಲೆಯೇ ಬೆಲ್ಟ್ ಕಚ್ಚುವಂತೆ ಮಾಡಿರುತ್ತಾರೆ. ಗಾಡಿ ಹೊರಡುವಾಗ ಚಿಮ್ಮುತ್ತದೆ. ಮನೆಯವರನ್ನು ಕೂರಿಸಿಕೊಂಡು ಹೋಗುವವರಿಗೆ ಇದು ಹಿಂಸೆ.

ಹಾಗೆಂದು ಗ್ರಾಹಕರ ಗಾಡಿಯನ್ನು ರೇಸ್ ಗಾಡಿಯ ಬಡ ತಮ್ಮ ಎಂದುಕೊಳ್ಳುವುದೂ ಸರಿಯಲ್ಲ. ಅದರ ರಿವರ್ಸ್ ವ್ಯವಸ್ಥೆಯನ್ನೇ ನೋಡಿ. ಸ್ಕಿ-ಡೂ ಬ್ರ್ಯಾಂಡಿನ ಗಾಡಿಗಳಿಗೆ ಎಂಜಿನ್ ತಯಾರಿಸುವ ರೊಟ್ಯಾಕ್ಸ್‌ನ ಎಂಜಿನಿಯರ್‌ಗಳು 1990ರ ದಶಕದ ಕೊನೆಗೆ ತಂದ ತಂತ್ರ ಇದು: ಗುಂಡಿ ಒತ್ತಿದರೆ ಎಂಜಿನ್ ನಿಲ್ಲುವಷ್ಟು ನಿಧಾನವಾಗುತ್ತದೆ, ಸರಿಯಾದ ಕ್ಷಣಕ್ಕೆ ಮುಂಚಿತವಾಗಿ ಕಿಡಿ ಹಾರುತ್ತದೆ, ಕ್ರ್ಯಾಂಕ್‌ಷಾಫ್ಟ್ ಉಲ್ಟಾ ತಿರುಗತೊಡಗುತ್ತದೆ. ಟೂ-ಸ್ಟ್ರೋಕ್ ಎಂಜಿನ್‌ಗೆ ಕವಾಟಗಳ ಕಟ್ಟುಪಾಡಿಲ್ಲದ ಕಾರಣ ಅದು ಎರಡೂ ದಿಕ್ಕಿಗೆ ಓಡಬಲ್ಲದು. ಹಿಮ್ಮುಖ ಗೇರಿನ ಭಾರವೇ ಬೇಕಿಲ್ಲ. ಎಂಥ ಸೊಗಸಾದ ಉಪಾಯ!

ರೇಸಿನಿಂದ ಬೀದಿಗೆ ಇಳಿದ ಉಪಾಯಗಳಲ್ಲಿ ಮಾತ್ರ ಬ್ಲೇರ್ ಮೋರ್ಗನ್ ಎಂಬ ಕೆನಡಾ ಸವಾರನ ಕಥೆಗೆ ಸಾಟಿಯಿಲ್ಲ. ಹಳೆಯ ಸ್ನೋಮೊಬೈಲ್‌ಗಳಲ್ಲಿ ಸವಾರ ಹಿಂದಕ್ಕೆ ಕೂತು ಕಾಲು ಮುಂದೆ ಚಾಚುತ್ತಿದ್ದ. ಕೆಎಸ್‌ಆರ್‌ಟಿಸಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಹಂಪ್ ಬಂದಾಗ ಡ್ರೈವರ್ ಹಿಂದಿನ ಮೂರನೇ ಸಾಲಿನವರು ಸುಮ್ಮನೆ ತೂಗಿದರೆ, ಕೊನೆಯ ಸಾಲಿನವರ ತಲೆ ಛಾವಣಿಗೆ ತಾಗುತ್ತದೆ. ಬಸ್ಸು ತನ್ನ ದ್ರವ್ಯಕೇಂದ್ರದ ಸುತ್ತ ತೊನೆಯುತ್ತದೆ. ಆ ಕೇಂದ್ರದಿಂದ ದೂರ ಹೋದಷ್ಟೂ ಎತ್ತಿಹಾಕುವಿಕೆ ಜಾಸ್ತಿ. ಡ್ರೈವರ್ ಅದೇ, ಹಂಪ್ ಅದೇ, ಬದಲಾದದ್ದು ಸೀಟು ಮಾತ್ರ. ಸ್ನೋಮೊಬೈಲಿನಲ್ಲಿ ಇನ್ನೊಂದು ತೊಡಕಿದೆ: ಬಸ್ಸಿನ ಪ್ರಯಾಣಿಕನಂತಲ್ಲದೆ ಸವಾರನ ತೂಕ ಇಲ್ಲಿ ಇಡೀ ಗಾಡಿಯ ಸಮತೋಲವನ್ನೇ ಆಚೀಚೆ ಮಾಡುವಷ್ಟಿದೆ. ಹಿಂದೆ ಕೂತವನು ಎತ್ತಿಹಾಕಿಸಿಕೊಳ್ಳುವುದಷ್ಟೇ ಅಲ್ಲ, ಗಾಡಿಯನ್ನೂ ತೊನೆಸುತ್ತಾನೆ.

ಮೊಟೊಕ್ರಾಸ್ ಬೈಕಿನಲ್ಲೂ ಪಳಗಿದ್ದ ಮೋರ್ಗನ್ ಸ್ನೋಮೊಬೈಲನ್ನೂ ನಿಂತೇ ಓಡಿಸುತ್ತಿದ್ದ. ಸ್ಕಿ-ಡೂ ತಂಡ 2001-02ರ ಸೀಸನ್‌ನಲ್ಲಿ ಅವನ ಕೈಗೆ ಕೊಟ್ಟ ಹೊಸ ಗಾಡಿಯಲ್ಲಿ ಸವಾರನ ಜಾಗವನ್ನೇ ಸುಮಾರು ಒಂದಡಿ ಮುಂದಕ್ಕೆ, ದ್ರವ್ಯಕೇಂದ್ರದ ಹತ್ತಿರಕ್ಕೆ ಎಳೆದಿದ್ದರು. ಗಾಡಿ ಗೆದ್ದಿತು. 2003ರ ಮಾದರಿಯಾಗಿ 'ರೆವ್' ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಉಳಿದ ಕಂಪನಿಗಳೂ ಕ್ರಮೇಣ ಆ ದಾರಿಗೇ ಬಂದವು. ಇವತ್ತು ವಾರಾಂತ್ಯಕ್ಕೆ ಹಿಮಕ್ಕಿಳಿಯುವ ಸಾಮಾನ್ಯ ಸವಾರನ ಬೆನ್ನು ಉಳಿದಿದ್ದರೆ ಅದರಲ್ಲಿ ಮೋರ್ಗನ್‌ಗೂ ಪಾಲಿದೆ.

ಅದಕ್ಕೂ ಹಿಂದೆ ಮಿನೆಸೊಟಾದ ಪೊಲಾರಿಸ್ ಇದೇ ಹಾದಿ ತುಳಿದಿತ್ತು. ಎರಡೂ ಸ್ಕೀಗಳು ಒಂದಕ್ಕೊಂದು ಕಟ್ಟುಬೀಳದೆ ಏರಿಳಿಯುವ ಮುಂಭಾಗದ ಸಸ್ಪೆನ್ಷನ್ 1970ರ ದಶಕದ ಕೊನೆಯಲ್ಲಿ ಅದರ ಆರ್‌ಎಕ್ಸ್-ಎಲ್ ರೇಸ್ ಗಾಡಿಯಲ್ಲಿತ್ತು. ಇಂಡಿ ಮಾದರಿಯ ಮೂಲಕ ಅದು ಗ್ರಾಹಕರಿಗೆ ದಕ್ಕಿತು. ಜಾಹೀರಾತಿನಲ್ಲಿ 'ರೇಸಿನಲ್ಲಿ ಹುಟ್ಟಿದ್ದು' ಎಂದು ಕಂಡರೆ ಇಂಥ ಹೆಸರು ಹೇಳಬಲ್ಲ ಭಾಗ ಯಾವುದು ಎಂದು ಕೇಳಬೇಕು. ಹಲವು ಬಾರಿ ಸಿಗುವುದು ಸ್ಟಿಕ್ಕರ್ ಮತ್ತು ಬಣ್ಣ.

ಎರಡೂ ಗಾಡಿಗಳನ್ನು ಕಾನೂನೂ ಬೇರೆ ಮಾಡುತ್ತದೆ. ಹಳೆಯ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಇಂಧನದ ಕಾಲುಭಾಗದಷ್ಟು ಉರಿಯದೆಯೇ ಹೊಗೆಕೊಳವೆಯಿಂದ ಜಾರಿಹೋಗುತ್ತಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಸ್ನೋಮೊಬೈಲ್‌ಗಳ ಹೊಗೆಗೆ ಮಿತಿ ಹಾಕಿ, 2006ರ ಮಾದರಿಗಳಿಂದ ಜಾರಿಗೊಳಿಸಿತು. ನಿಷ್ಕಾಸ ದ್ವಾರ ಮುಚ್ಚುವ ಹೊತ್ತಿಗೆ ಇಂಧನವನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ವ್ಯವಸ್ಥೆ ಗ್ರಾಹಕರ ಗಾಡಿಗಳಿಗೆ ಬಂದದ್ದು ಈ ಒತ್ತಡದಲ್ಲೇ. ಸ್ಪರ್ಧೆಗೆ ಮಾತ್ರ ಬಳಸುವ ಗಾಡಿಗೆ ಈ ನಿಯಮದಿಂದ ವಿನಾಯಿತಿ ಇದೆ, ಆದರೆ ವಿನಾಯಿತಿ ಪಡೆದ ಗಾಡಿಯನ್ನು ಮೋಜಿಗೆ ಓಡಿಸುವಂತಿಲ್ಲ. ವಾರಂಟಿಯೂ ಸಾಮಾನ್ಯವಾಗಿ ಇರುವುದಿಲ್ಲ.

ಸದ್ದಿನ ಮಾತು ಇನ್ನೂ ಗಂಭೀರ. ಪೂರ್ತಿ ಥ್ರಾಟಲ್‌ನಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ ಮೀರಬಾರದು ಎಂಬ ಮಾನದಂಡವನ್ನು ಗ್ರಾಹಕರ ಗಾಡಿಗಳು 1970ರ ದಶಕದಿಂದಲೂ ಪಾಲಿಸಿಕೊಂಡು ಬಂದಿವೆ. ವಿಸ್ಕಾನ್ಸಿನ್, ಮಿನೆಸೊಟಾಗಳ ಹಿಮದ ಹಾದಿಗಳಲ್ಲಿ ಬಹುಪಾಲು ರೈತರ ಖಾಸಗಿ ಜಮೀನಿನ ಮೇಲೆ, ಅವರ ಒಪ್ಪಿಗೆಯಿಂದ ಹಾದುಹೋಗುತ್ತವೆ. ರೇಸ್ ಸೈಲೆನ್ಸರ್ ಹಾಕಿಸಿಕೊಂಡ ನಾಲ್ಕು ಗಾಡಿಗಳು ರಾತ್ರಿ ಅಬ್ಬರಿಸಿದರೆ ಜಮೀನಿನ ಒಡೆಯ ಮರುವರ್ಷ ಬೇಲಿ ಹಾಕುತ್ತಾನೆ, ಇಡೀ ಊರಿನ ಹಾದಿ ತುಂಡಾಗುತ್ತದೆ. ಅಲ್ಲಿನ ಸ್ನೋಮೊಬೈಲ್ ಕ್ಲಬ್‌ಗಳೇ ಜೋರು ಸೈಲೆನ್ಸರ್‌ಗಳ ವಿರುದ್ಧ ಪ್ರಚಾರಕ್ಕಿಳಿದಿರುವುದು ಈ ಕಾರಣಕ್ಕೆ.