ಶಾಸನ ಡೇಟಾಬೇಸ್ ತರಬೇತಿ: ‘ಉಚಿತ’ ತಂತ್ರಾಂಶದ ಎಲ್ಲೆ ಎಲ್ಲಿ?

ಶಾಸನಪಾಠಗಳನ್ನು ಡೇಟಾಬೇಸ್‌ಗೆ ಏರಿಸೋದನ್ನ ಆಸಕ್ತರಿಗೆ ಕಲಿಸುವಾಗ, "ಉಚಿತ ತಂತ್ರಾಂಶ ತಾನೇ, ಹಾಕಿಕೊಂಡ್ರೆ ಆಯ್ತಲ್ಲ?" ಅಂತ ಕೇಳ್ತಾರೆ. ದಾನಶಾಸನ ಓದುವವರಿಗೆ ಉತ್ತರ ಗೊತ್ತು. ನಂದಾದೀವಿಗೆಗೆ ಬಿಟ್ಟ ಭೂಮಿ ಆ ದೀಪಕ್ಕೇ ಸಲ್ಲಬೇಕು. ದಾನಕ್ಕೆ ಉದ್ದೇಶವೂ ಉಂಟು, ಚತುಸ್ಸೀಮೆಯೂ ಉಂಟು. ಪರವಾನಗಿಯೂ ಹಾಗೆಯೇ.

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಡೆವಲಪರ್ ಆವೃತ್ತಿ ಉಚಿತ. ಆದರೆ ತಂತ್ರಾಂಶ ಕಟ್ಟಲು, ಪರೀಕ್ಷಿಸಲು ಮಾತ್ರ, ನಿತ್ಯದ ಕೆಲಸಕ್ಕಲ್ಲ. ಎಕ್ಸ್‌ಪ್ರೆಸ್ ಆವೃತ್ತಿಯನ್ನು ನಿತ್ಯವೂ ಬಳಸಬಹುದು. 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಪಾಠಗಳಿಗೆ ಅದು ಧಾರಾಳ, ಪಡಿಯಚ್ಚಿನ ಚಿತ್ರಗಳನ್ನೂ ಒಳಗೇ ತುಂಬಿದರೆ ಸಾಲದು. ಒರಾಕಲ್ ತನ್ನ ಡೆವಲಪರ್ ಪರವಾನಗಿಯಲ್ಲಿ ಹೊರಗಿನವರಿಗೆ ತರಬೇತಿ ಕೊಡುವುದನ್ನೇ ಹೆಸರಿಸಿ ನಿರ್ಬಂಧಿಸಿದ್ದುಂಟು.

ತೊಡಕು ಇರೋದು ಇಲ್ಲಿ: ಮಾದರಿ ದಾಖಲೆಗಳ ಮೇಲೆ ಕೈ ಪಳಗಿಸುವವರೆಗೆ ಅದು ತರಬೇತಿ. ಕಲಿಯುವವರು ನಮೂದಿಸಿದ ಅಸಲಿ ಶಾಸನಗಳನ್ನು ಉಳಿಸಿಕೊಂಡು ಸಂಶೋಧಕರಿಗೆ ಹುಡುಕಲು ಕೊಟ್ಟ ದಿನ ಅದು ನಿಜವಾದ ಬಳಕೆ. ಕಂಪ್ಯೂಟರ್ ಅದೇ, ಎಲ್ಲೆ ಮಾತ್ರ ದಾಟಿರುತ್ತೇವೆ.

ಅದಕ್ಕೇ ನಾನು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಕಲಿಸೋದು. ಅದರ ಪರವಾನಗಿ ತರಬೇತಿ, ಬಳಕೆ ಅಂತ ಭೇದ ಮಾಡಲ್ಲ. ಪ್ರತಿ ಹಂಚುವಾಗ ಹಕ್ಕುಸ್ವಾಮ್ಯದ ಸೂಚನೆಯನ್ನೂ ಪರವಾನಗಿಯ ಒಕ್ಕಣೆಯನ್ನೂ ಉಳಿಸಿದರೆ ಸಾಕು. ಬೇರೆಯದೇ ಬೇಕೆಂದರೆ, ಶಾಪಾಶಯದವರೆಗೂ ಶಾಸನ ಓದುವ ನಾವು ಪರವಾನಗಿಯನ್ನೂ ಕೊನೆಯ ಸಾಲಿನವರೆಗೆ ಓದೋಣ.